ಲೆಗಸಿಯಿಂದ ಯುಇಎಫ್‌ಐಗೆ: ಕಲಬುರಗಿಯ ಎರಡು ಅಂಗಡಿ, ಎರಡು ಕಂಪ್ಯೂಟರ್, ಎರಡು ದಾರಿ

ಕಂಪ್ಯೂಟರ್ ಆನ್ ಆದ ಕೂಡಲೇ ವಿಂಡೋಸನ್ನು ಎಬ್ಬಿಸುವುದು (ಬೂಟ್) ಬೋರ್ಡಿನಲ್ಲೇ ಇರುವ ಒಂದು ಪುಟ್ಟ ಪ್ರೋಗ್ರಾಮ್ (ಫರ್ಮ್‌ವೇರ್), ಅದರ ಹಳೇ ರೀತಿ ಲೆಗಸಿ ಬಯಾಸ್, ಹೊಸ ರೀತಿ ಯುಇಎಫ್‌ಐ. ಲೆಗಸಿ ಬಯಾಸ್ ಮೋಡಿನಲ್ಲಿ ವಿಂಡೋಸ್ 10 ಹಾಕಿದ್ದ ಎರಡು ಡೆಸ್ಕ್‌ಟಾಪ್‌ಗಳನ್ನು ಫಾರ್ಮ್ಯಾಟ್ ಮಾಡದೆ, ಒಂದು ಫೈಲೂ ಕಳೆಯದೆ ಯುಇಎಫ್‌ಐಗೆ ತಂದ ಕೆಲಸದ ದಾಖಲೆ ಇದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎರಡೂ ಯಂತ್ರಗಳಲ್ಲಿ ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್ ಇದೆ, ವಿಂಡೋಸ್ 11ಕ್ಕೆ ಅರ್ಹತೆಯೂ ಇದೆ. ಮುಖ್ಯವಾಗಿ ಅಡ್ಡ ಬಂದದ್ದು ಬೂಟ್ ಮೋಡ್. ಜೋಡಿಸಿ ಕೊಟ್ಟವರು ಕೈಯಲ್ಲಿದ್ದ ಹಳೇ ಪೆನ್‌ಡ್ರೈವ್‌ನಿಂದಲೇ ವಿಂಡೋಸ್ ಹಾಕಿದ್ದರು. ಡಿಸ್ಕ್ ಎಂಬಿಆರ್ ಆಗಿ ಕೂತಿತ್ತು, ಅಂದರೆ ಅದರ ಪಾರ್ಟಿಶನ್ (ಡಿಸ್ಕಿನ ಭಾಗ) ಪಟ್ಟಿ ಹಳೇ ರೀತಿಯದು. ಯುಇಎಫ್‌ಐಯಿಂದ ವಿಂಡೋಸ್ ಏಳಲು ಜಿಪಿಟಿ ಎಂಬ ಹೊಸ ರೀತಿಯ ಪಟ್ಟಿ ಬೇಕು.

ಯಂತ್ರ 1: ನೆಹರೂ ಗಂಜ್‌ನ ಅಡತಿ ಅಂಗಡಿ. ಐ3-8100, ಎಚ್310 ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಟ್ಯಾಲಿಯಲ್ಲಿ ತೊಗರಿ, ಕಡಲೆ ಲೆಕ್ಕ.

ಯಂತ್ರ 2: ಸೂಪರ್ ಮಾರ್ಕೆಟ್ ಕಡೆಯ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಐ5-8400, 16 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಜೊತೆಗೆ ಒಂದು ಹಳೇ ಗ್ರಾಫಿಕ್ಸ್ ಕಾರ್ಡ್. ಲಗ್ನಪತ್ರಿಕೆ, ಬ್ಯಾನರ್, ನುಡಿಯಲ್ಲಿ ಟೈಪ್ ಮಾಡಿದ ಅರ್ಜಿಗಳು, ಹತ್ತು ವರ್ಷದ ರಾಶಿ.

ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ, ‘ಸ್ಲ್ಯಾಶ್’ ಅಂದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಗೆರೆ, ‘ಕೋಲನ್’ ಅಂದಲ್ಲಿ ಎರಡು ಚುಕ್ಕೆ, ‘ಬ್ಯಾಕ್‌ಸ್ಲ್ಯಾಶ್’ ಅಂದಲ್ಲಿ ಸ್ಲ್ಯಾಶ್‌ಗೆ ಉಲ್ಟಾ ವಾಲಿದ ಗೆರೆ.

ಹಂತ 0: ಮುಟ್ಟುವ ಮೊದಲು

ಯಂತ್ರ 1ರಲ್ಲಿ ಯಾರೋ ಆಗಲೇ ಒಂದು ಪ್ರಯೋಗ ಮಾಡಿದ್ದರು. ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಬೂಟ್ ಮೋಡನ್ನು ನೇರವಾಗಿ ಯುಇಎಫ್‌ಐ ಮಾಡಿ ಸೇವ್ ಒತ್ತಿದ್ದಾರೆ. ಡಿಸ್ಕ್ ಇನ್ನೂ ಎಂಬಿಆರ್. ಪರದೆಯಲ್ಲಿ ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಸಂದೇಶ ಬಂದಿದೆ. ‘ಟ್ಯಾಲಿ ಡಾಟಾ ಹೋದ್ರ ನಮ್ಮ ಕಥಿ ಮುಗೀತ್ರಿ’ ಅಂತ ಮುನೀಮರು ಗಾಬರಿಯಾಗಿದ್ದರು. ಹೋಗಿದ್ದೇನೂ ಇರಲಿಲ್ಲ, ಮೋಡನ್ನು ಮತ್ತೆ ಲೆಗಸಿ ಮಾಡಿದ ಕೂಡಲೇ ವಿಂಡೋಸ್ ಎದ್ದಿತು. ಈ ಸ್ಥಿತಿಯಲ್ಲಿ ಡಾಟಾ ಹೋಗುವುದು, ‘ಡಿಸ್ಕ್ ಕೆಟ್ಟಿದೆ’ ಅಂತ ಯಾರಾದರೂ ಪೆನ್‌ಡ್ರೈವ್ ಹಾಕಿ ಹೊಸದಾಗಿ ವಿಂಡೋಸ್ ಇನ್‌ಸ್ಟಾಲ್ ಮಾಡಿದಾಗ. ಮೊದಲು ಡಿಸ್ಕ್ ಜಿಪಿಟಿ ಆಗಬೇಕು, ಬಯಾಸ್ ಬದಲಾವಣೆ ಆಮೇಲೆ. ಈ ಸರದಿ ತಪ್ಪಿದರೆ ಹೆದರಿಕೆ ಗ್ಯಾರಂಟಿ.

ನೋಡಿಕೊಂಡದ್ದು:

ವಿಂಡೋಸ್ 64 ಬಿಟ್ ಆಗಿರಬೇಕು. ಎರಡೂ ಆಗಿದ್ದವು. ಇಂಥ ಬೋರ್ಡ್‌ಗಳ ಯುಇಎಫ್‌ಐಯಲ್ಲಿ 32 ಬಿಟ್ ವಿಂಡೋಸ್ ಏಳುವುದಿಲ್ಲ, ಅದಿದ್ದರೆ ಈ ದಾರಿ ಅಲ್ಲಿಗೇ ಬಂದ್.

ರನ್ ಬಾಕ್ಸಿನಲ್ಲಿ ‘ಎಂಎಸ್‌ಇನ್ಫೋ32’ ಹಾಕಿ ಬಯಾಸ್ ಮೋಡ್ ಸಾಲು ಓದಿದ್ದು. ಎರಡರಲ್ಲೂ ‘ಲೆಗಸಿ’.

ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದೆಯೇ ಎಂದು ‘ಮ್ಯಾನೇಜ್-ಬಿಡಿಇ -ಸ್ಟೇಟಸ್’. ಎರಡರಲ್ಲೂ ಇರಲಿಲ್ಲ. ಇದ್ದರೆ ಮೊದಲು ಅದರ ರಕ್ಷಣೆ ನಿಲ್ಲಿಸಿ, ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅದೇ ಡಿಸ್ಕಿನ ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟಂತೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಡಿಸ್ಕ್ ಆರೋಗ್ಯ. ಎರಡೂ ನೀಲಿ, ಅಂದರೆ ಸರಿ. ಹಳದಿ ಬಂದರೆ ಆ ಡಿಸ್ಕಿನ ಮೇಲೆ ಈ ಕೆಲಸ ಬೇಡ, ಮೊದಲು ಹೊಸ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ. ಆಮೇಲೆ ‘ಚೆಕ್‌ಡಿಸ್ಕ್ ಸಿ ಕೋಲನ್ ಸ್ಲ್ಯಾಶ್ ಎಫ್’ (ಟೈಪ್ ಮಾಡುವುದು ಸಿಎಚ್‌ಕೆಡಿಎಸ್‌ಕೆ) ಕೊಟ್ಟು ಒಮ್ಮೆ ರೀಸ್ಟಾರ್ಟ್.

ಯುಪಿಎಸ್. ಗಂಜ್‌ನ ಯಂತ್ರಕ್ಕೆ 600 ವಿಎ ಯುಪಿಎಸ್ ಇತ್ತು. ಪ್ಲಗ್ ಕಿತ್ತು ನೋಡಿದರೆ 40 ಸೆಕೆಂಡಿಗೆ ಮಲಗಿತು. ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಪಕ್ಕದ ಅಂಗಡಿಯ ಇನ್ವರ್ಟರ್ ಲೈನಿನಿಂದ ಎಕ್ಸ್‌ಟೆನ್ಷನ್ ಎಳೆದು ಯುಪಿಎಸ್‌ಗೆ ಕೊಟ್ಟು ಕೆಲಸ ಶುರು. ಪಾರ್ಟಿಶನ್ ಪಟ್ಟಿ ಬರೆಯುವ ಹೊತ್ತು ಒಂದು ನಿಮಿಷವೂ ಇಲ್ಲ, ಆದರೆ ಆ ನಿಮಿಷದಲ್ಲೇ ಕರೆಂಟ್ ಹೋಗಬಾರದು.

ಒಂದು ವಸ್ತು ನೋಡದೆ ಬಿಟ್ಟದ್ದು: ಬೋರ್ಡಿನ ಸಿಆರ್2032, ಕರೆಂಟ್ ಇಲ್ಲದಾಗ ಬಯಾಸ್ ಸೆಟ್ಟಿಂಗ್, ಗಡಿಯಾರ ಉಳಿಸುವ ಗುಂಡಿ ಸೆಲ್. ಅದರ ಫಲ ಹಂತ 4ರಲ್ಲಿದೆ.

ಹಂತ 1: ಬ್ಯಾಕಪ್ (ಯಂತ್ರ 1, ಐತವಾರ ಬೆಳಿಗ್ಗೆ 9.30)

ಅಂಗಡಿಯವರ ಖರ್ಚಿನಲ್ಲೇ 2 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ತರಿಸಿದ್ದು, 6,200 ರೂಪಾಯಿ. ಕೆಲಸ ಮುಗಿದ ಮೇಲೆ ಅದು ಅವರ ಬ್ಯಾಕಪ್ ಡಿಸ್ಕ್ ಆಗಿ ಉಳಿಯುತ್ತದೆ, ಹಾಗಾಗಿ ದಂಡ ಅಲ್ಲ.

ಮೂರು ಪ್ರತಿ. ಮೊದಲನೆಯದು ಟ್ಯಾಲಿಯೊಳಗಿಂದಲೇ ತೆಗೆದ ಬ್ಯಾಕಪ್: ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ, ಬ್ಯಾಕಪ್ ಆರಿಸಿ, ಎಲ್ಲ ಕಂಪನಿಗಳನ್ನೂ ಗುರುತು ಮಾಡಿ ಪೆನ್‌ಡ್ರೈವ್‌ಗೆ. ಎರಡನೆಯದು ಕಂಟ್ರೋಲ್ ಪ್ಯಾನೆಲ್‌ನ ‘ಬ್ಯಾಕಪ್ ಅಂಡ್ ರಿಸ್ಟೋರ್ (ವಿಂಡೋಸ್ 7)’ ಮೂಲಕ ಸಿ ಡ್ರೈವಿನ ಸಿಸ್ಟಮ್ ಇಮೇಜ್. ಮೂರನೆಯದು ಡಿ ಮತ್ತು ಇ ಡ್ರೈವ್‌ಗಳ ಫೈಲ್ ನಕಲು, ರೋಬೋಕಾಪಿಯಿಂದ:

ರೋಬೋಕಾಪಿ, ಇ ಡ್ರೈವಿನ ಬೇರು (ಇ ಕೋಲನ್ ಬ್ಯಾಕ್‌ಸ್ಲ್ಯಾಶ್), ಎಕ್ಸ್‌ಟರ್ನಲ್‌ನ ಫೋಲ್ಡರ್, ಸ್ಲ್ಯಾಶ್ ಇ, ಸ್ಲ್ಯಾಶ್ ಎಕ್ಸ್‌ಜೆ, ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1.

ಕೊನೆಯ ಎರಡನ್ನು ಮರೆಯಬೇಡಿ. ಅವಿಲ್ಲದಿದ್ದರೆ ಓದಲಾಗದ ಒಂದು ಫೈಲ್ ಸಿಕ್ಕರೂ ರೋಬೋಕಾಪಿ 30 ಸೆಕೆಂಡಿಗೊಮ್ಮೆ, ಹತ್ತು ಲಕ್ಷ ಸಲ ಪ್ರಯತ್ನ ಮಾಡುತ್ತಲೇ ಇರುತ್ತದೆ. ಊಟಕ್ಕೆ ಹೋಗಿ ಬಂದರೂ ಅದೇ ಫೈಲಿನಲ್ಲಿ ನಿಂತಿರುತ್ತದೆ.

ತಪ್ಪು 1. ಎಕ್ಸ್‌ಟರ್ನಲ್ ಡಿಸ್ಕನ್ನು ಕ್ಯಾಬಿನೆಟ್‌ನ ಮುಂದಿನ ಪೋರ್ಟಿಗೆ ಚುಚ್ಚಿದ್ದು. ಅದು ಯುಎಸ್‌ಬಿ 2.0. ವೇಗ ಸೆಕೆಂಡಿಗೆ 33 ಎಂಬಿ ಸುತ್ತ. ಇ ಡ್ರೈವಿನ 212 ಜಿಬಿಗೆ ಸುಮಾರು 1 ಗಂಟೆ 47 ನಿಮಿಷದ ಲೆಕ್ಕ. ನಿಲ್ಲಿಸಿ, ಹಿಂದಿನ ನೀಲಿ ಪೋರ್ಟಿಗೆ ಹಾಕಿದ ಮೇಲೆ 95 ಎಂಬಿ ಸುತ್ತ, 37 ನಿಮಿಷಕ್ಕೆ ಮುಗಿಯಿತು.

ತಪ್ಪು 2. ನಕಲು ಮುಗಿದ ಮೇಲೆ ನೋಡಿದರೆ ಎಕ್ಸ್‌ಟರ್ನಲ್‌ನಲ್ಲಿ ಫೋಲ್ಡರೇ ಕಾಣದು! ಜಾಗ ಮಾತ್ರ 212 ಜಿಬಿ ತುಂಬಿದೆ. ಡ್ರೈವಿನ ಬೇರಿನಿಂದ ನಕಲು ಮಾಡಿದಾಗ ಬೇರಿನ ‘ಹಿಡನ್’ ಮತ್ತು ‘ಸಿಸ್ಟಮ್’ ಗುರುತುಗಳು ಹೊಸ ಫೋಲ್ಡರಿಗೂ ಅಂಟಿಕೊಳ್ಳುತ್ತವೆ. ‘ಆಟ್ರಿಬ್ -ಎಚ್ -ಎಸ್’ ಬರೆದು ಮುಂದೆ ಫೋಲ್ಡರಿನ ಹಾದಿ ಕೊಟ್ಟ ಮೇಲೆ ಕಂಡಿತು. ಇದು ಗೊತ್ತಿಲ್ಲದವರು ನಕಲು ಆಗಿಲ್ಲ ಅಂದುಕೊಂಡು ಎಕ್ಸ್‌ಟರ್ನಲ್ಲನ್ನೇ ಫಾರ್ಮ್ಯಾಟ್ ಮಾಡಿಬಿಡುವುದುಂಟು.

ಪರೀಕ್ಷೆ: ಫೈಲ್ ಎಣಿಕೆ ಎರಡೂ ಕಡೆ ಒಂದೇ ಇದೆಯೇ ನೋಡಿ, ಎಕ್ಸ್‌ಟರ್ನಲ್ಲನ್ನು ಬೇರೆ ಲ್ಯಾಪ್‌ಟಾಪ್‌ಗೆ ಹಾಕಿ ಐದಾರು ಫೈಲ್ ತೆರೆದದ್ದು. ಟ್ಯಾಲಿ ಬ್ಯಾಕಪ್ ಅನ್ನೂ ಆ ಲ್ಯಾಪ್‌ಟಾಪ್‌ನಲ್ಲಿ ರಿಸ್ಟೋರ್ ಮಾಡಿ, ಹಿಂದಿನ ದಿನದ ಕೊನೆಯ ವೋಚರ್ ಮುನೀಮರಿಗೆ ತೋರಿಸಿದ ಮೇಲೆಯೇ ಮುಂದಿನ ಹೆಜ್ಜೆ. ತೆರೆದು ನೋಡದ ಬ್ಯಾಕಪ್‌ನ ಮೇಲೆ ಭರವಸೆ ಇಟ್ಟು ಪಾರ್ಟಿಶನ್ ಅಳಿಸಬಾರದು.

ಹಂತ 2: ಎಂಬಿಆರ್2ಜಿಪಿಟಿ (ಯಂತ್ರ 1, ಮಧ್ಯಾಹ್ನ 12.40)

ಎಂಬಿಆರ್ ಡಿಸ್ಕನ್ನು ಜಿಪಿಟಿ ಮಾಡುವ ಈ ಟೂಲ್ ವಿಂಡೋಸ್ 10ರ 1703 ಆವೃತ್ತಿಯಿಂದ ಸಿಸ್ಟಮ್32 ಫೋಲ್ಡರಿನಲ್ಲೇ ಇದೆ. ಏನೂ ಡೌನ್‌ಲೋಡ್ ಬೇಡ. ದುಡ್ಡು ಕೇಳುವ ಪಾರ್ಟಿಶನ್ ಸಾಫ್ಟ್‌ವೇರ್‌ಗಳ ಅಗತ್ಯ ಇಲ್ಲಿ ಬೀಳಲಿಲ್ಲ.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲು ಪರಿಶೀಲನೆ ಮಾತ್ರ:

ಎಂಬಿಆರ್2ಜಿಪಿಟಿ ಸ್ಲ್ಯಾಶ್ ವ್ಯಾಲಿಡೇಟ್ ಸ್ಲ್ಯಾಶ್ ಡಿಸ್ಕ್ ಕೋಲನ್ 0 ಸ್ಲ್ಯಾಶ್ ಅಲೋಫುಲ್‌ಓಎಸ್.

ಉತ್ತರ: ಡಿಸ್ಕ್ 0ಯ ಲೇಔಟ್ ಪರಿಶೀಲನೆ ವಿಫಲ. ಕಾರಣ ಹೇಳುವುದಿಲ್ಲ. ಕಾರಣಕ್ಕೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ‘ಸೆಟಪ್‌ಎರ್’ ಮತ್ತು ‘ಸೆಟಪ್‌ಆ್ಯಕ್ಟ್’ ಲಾಗ್ ಫೈಲ್‌ಗಳನ್ನು ತೆರೆಯಬೇಕು. ಇಲ್ಲಿ ಲಾಗ್ ಇಲ್ಲದೆಯೂ ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡಿದರೆ ಗೊತ್ತಾಗುತ್ತಿತ್ತು:

ಸಿಸ್ಟಮ್ ರಿಸರ್ವ್ಡ್ 500 ಎಂಬಿ, ಪ್ರೈಮರಿ, ಆ್ಯಕ್ಟಿವ್.
ಸಿ 150 ಜಿಬಿ, ಪ್ರೈಮರಿ.
ಡಿ 390 ಜಿಬಿ, ಪ್ರೈಮರಿ.
ಇ 391 ಜಿಬಿ, ಎಕ್ಸ್‌ಟೆಂಡೆಡ್ ಪೆಟ್ಟಿಗೆಯೊಳಗೆ ಲಾಜಿಕಲ್.

ಎಂಬಿಆರ್ ಪಟ್ಟಿಯಲ್ಲಿ ನೇರವಾಗಿ ಬರೆದ ಭಾಗ ಪ್ರೈಮರಿ, ಎಕ್ಸ್‌ಟೆಂಡೆಡ್ ಎಂಬ ಪೆಟ್ಟಿಗೆಯೊಳಗಿನದು ಲಾಜಿಕಲ್, ಬೂಟ್ ಆಗುವುದು ಆ್ಯಕ್ಟಿವ್ ಭಾಗದಿಂದ. ಎಂಬಿಆರ್2ಜಿಪಿಟಿಗೆ ಬೇಕಾದದ್ದು ಹೆಚ್ಚೆಂದರೆ ಮೂರು ಪ್ರೈಮರಿ ಪಾರ್ಟಿಶನ್, ಅದರಲ್ಲೊಂದು ಆ್ಯಕ್ಟಿವ್. ಎಕ್ಸ್‌ಟೆಂಡೆಡ್ ಇದ್ದರೆ ಅದು ಕೈ ಇಡುವುದೇ ಇಲ್ಲ. ನಮ್ಮ ಕಡೆ ಜೋಡಿಸುವವರಿಗೆ ಸಿ, ಡಿ, ಇ, ಎಫ್ ಅಂತ ನಾಲ್ಕು ಭಾಗ ಮಾಡಿ ಕೊಡುವ ಚಟ. ಡಿಸ್ಕ್ ಮ್ಯಾನೇಜ್‌ಮೆಂಟ್ ನಾಲ್ಕನೆಯದನ್ನು ತಾನಾಗಿಯೇ ಲಾಜಿಕಲ್ ಮಾಡಿಬಿಡುತ್ತದೆ. ಹಾಗಾಗಿ ಈ ಎರರ್ ಹೆಚ್ಚೂ ಕಡಿಮೆ ಪ್ರತಿ ಅಂಗಡಿಯಲ್ಲೂ ಕಾದಿರುತ್ತದೆ.

ಇ ಡ್ರೈವಿನ ನಕಲು ಎಕ್ಸ್‌ಟರ್ನಲ್‌ನಲ್ಲಿ ಪರೀಕ್ಷೆಯಾಗಿ ಕೂತಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇ ಮೇಲೆ ಬಲ ಕ್ಲಿಕ್, ಡಿಲೀಟ್ ವಾಲ್ಯೂಮ್. ಇಡೀ ಕೆಲಸದಲ್ಲಿ ಡಾಟಾ ನಿಜವಾಗಿ ಅಳಿದದ್ದು ಈ ಒಂದು ಕ್ಲಿಕ್ಕಿನಲ್ಲಿ. ಡಿ ಮತ್ತು ಇ ಗಾತ್ರದಲ್ಲಿ ಅವಳಿ, 390 ಮತ್ತು 391. ಅಕ್ಷರ ಓದಿ, ಒಳಗಿನ ಫೋಲ್ಡರ್ ತೆರೆದು ನೋಡಿ, ಆಮೇಲೆ ಒತ್ತಬೇಕು.

ತಪ್ಪು 3. ಇ ಅಳಿಸಿ ಮತ್ತೆ ವ್ಯಾಲಿಡೇಟ್ ಕೊಟ್ಟರೆ ಮತ್ತದೇ ವಿಫಲ. ಅಳಿದದ್ದು ಒಳಗಿನ ಲಾಜಿಕಲ್ ಮಾತ್ರ, ಎಕ್ಸ್‌ಟೆಂಡೆಡ್ ಎಂಬ ಪೆಟ್ಟಿಗೆ ಖಾಲಿಯಾಗಿ ಉಳಿದಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದು ಹಸಿರು ಪಟ್ಟಿಯ ‘ಫ್ರೀ ಸ್ಪೇಸ್’. ಅದರ ಮೇಲೂ ಬಲ ಕ್ಲಿಕ್ ಮಾಡಿ ಅಳಿಸಿದಾಗ ಕಪ್ಪು ಪಟ್ಟಿಯ ‘ಅನ್‌ಅಲೊಕೇಟೆಡ್’ ಆಯಿತು. ಬಣ್ಣ ಕಪ್ಪಾಗುವ ತನಕ ಕೆಲಸ ಮುಗಿದಿಲ್ಲ.

ಮೂರನೇ ಸಲ ವ್ಯಾಲಿಡೇಟ್: ಯಶಸ್ವಿ.

ಕನ್ವರ್ಟ್ ಮಾಡುವ ಮೊದಲು ಎಕ್ಸ್‌ಟರ್ನಲ್ ಡಿಸ್ಕ್, ಪೆನ್‌ಡ್ರೈವ್ ಎರಡನ್ನೂ ಕಿತ್ತು ದೂರ ಇಟ್ಟದ್ದು. ‘ಡಿಸ್ಕ್ ಕೋಲನ್ 0’ ಅಂದರೆ ಯಾವ ಡಿಸ್ಕ್ ಎಂಬ ಗೊಂದಲಕ್ಕೆ ಆಸ್ಪದವೇ ಬೇಡ. ಡಿಸ್ಕ್‌ಪಾರ್ಟ್‌ನಲ್ಲಿ ‘ಲಿಸ್ಟ್ ಡಿಸ್ಕ್’ ಕೊಟ್ಟು ಒಂದೇ ಡಿಸ್ಕ್ ಇರುವುದು ಖಾತ್ರಿಯಾದ ಮೇಲೆ ಅದೇ ಕಮಾಂಡ್, ವ್ಯಾಲಿಡೇಟ್ ಇದ್ದಲ್ಲಿ ‘ಕನ್ವರ್ಟ್’.

ಸಾಲುಗಳು ಓಡಿದವು: ಓಎಸ್ ಪಾರ್ಟಿಶನ್ ಕುಗ್ಗಿಸುತ್ತಿದೆ, ಇಎಫ್‌ಐ ಸಿಸ್ಟಮ್ ಪಾರ್ಟಿಶನ್ ಮಾಡುತ್ತಿದೆ, ಬೂಟ್ ಫೈಲ್ ಹಾಕುತ್ತಿದೆ, ಲೇಔಟ್ ಬದಲಿಸುತ್ತಿದೆ, ಡ್ರೈವ್ ಅಕ್ಷರ ಸರಿಪಡಿಸುತ್ತಿದೆ. ಒಟ್ಟು 25 ಸೆಕೆಂಡ್. ಕೊನೆಯಲ್ಲಿ, ಇನ್ನು ಫರ್ಮ್‌ವೇರನ್ನು ಯುಇಎಫ್‌ಐ ಮೋಡಿಗೆ ಬದಲಿಸಿ ಎಂಬ ಸೂಚನೆ. ಮೂರು ಗಂಟೆ ತಯಾರಿ, ಅರ್ಧ ನಿಮಿಷ ಕೆಲಸ.

ಓಡುತ್ತಿರುವ ವಿಂಡೋಸ್‌ನಿಂದಲೇ ಮಾಡಿದಾಗ ಹಳೆಯ ಸಿಸ್ಟಮ್ ರಿಸರ್ವ್ಡ್ ಬಳಕೆಯಲ್ಲಿರುತ್ತದೆ. ಅದನ್ನು ಮುಟ್ಟದೆ, ಸಿ ಡ್ರೈವಿನಿಂದ 100 ಎಂಬಿ ಕಡಿದು ಹೊಸ ಇಎಫ್‌ಐ ಪಾರ್ಟಿಶನ್ (ಯುಇಎಫ್‌ಐ ಓದುವ ಬೂಟ್ ಫೈಲ್‌ಗಳ ಜಾಗ) ಮಾಡುತ್ತದೆ. ಹಳೆಯ 500 ಎಂಬಿ ಸುಮ್ಮನೆ ಬಿದ್ದಿರುತ್ತದೆ.

ಹಂತ 3: ಬಯಾಸ್ ಒಳಗೆ (ಯಂತ್ರ 1, ಮಧ್ಯಾಹ್ನ 1.30)

ಸರದಿ ಹೀಗೆ, ಒಂದೊಂದಕ್ಕೂ ನಡುವೆ ಒಮ್ಮೆ ವಿಂಡೋಸ್ ಏಳುವುದನ್ನು ನೋಡಿ:

ಬೂಟ್ ಮೋಡ್ ಯುಇಎಫ್‌ಐ. ಬೂಟ್ ಸರದಿಯಲ್ಲಿ ಡಿಸ್ಕಿನ ಕಂಪನಿ ಹೆಸರಿನ ಬದಲು ‘ವಿಂಡೋಸ್ ಬೂಟ್ ಮ್ಯಾನೇಜರ್’ ಕಾಣಬೇಕು, ಅದನ್ನು ಮೊದಲನೆಯದಾಗಿ ಇಡಿ. ಎದ್ದಿತು.

ಸಿಎಸ್‌ಎಂ (ಯುಇಎಫ್‌ಐಯೊಳಗೆ ಹಳೇ ಲೆಗಸಿ ರೀತಿಯನ್ನು ನಡೆಸಿಕೊಡುವ ಭಾಗ) ಡಿಸೇಬಲ್. ಎದ್ದಿತು.

ಇಂಟೆಲ್ ಪಿಟಿಟಿ ಎನೇಬಲ್. ಬೋರ್ಡಿನಲ್ಲಿ ಬೇರೆ ಟಿಪಿಎಂ ಚಿಪ್ (ಕೀಲಿಗಳನ್ನು ಕಾಪಿಡುವ, ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಇಲ್ಲದಿದ್ದರೂ ಇದೇ ಟಿಪಿಎಂ 2.0 ಆಗಿ ಕೆಲಸ ಮಾಡುತ್ತದೆ. ರನ್‌ನಲ್ಲಿ ‘ಟಿಪಿಎಂ ಚುಕ್ಕೆ ಎಂಎಸ್‌ಸಿ’ ಹಾಕಿದರೆ ಆವೃತ್ತಿ 2.0 ತೋರಿಸಿತು.

ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್ ಫೈಲನ್ನಷ್ಟೇ ಬಿಡುವ ಕಾವಲು) ಎನೇಬಲ್. ಇಲ್ಲಿ ಒಂದು ಸುತ್ತು ಹೆಚ್ಚು ಆಯಿತು. ಎನೇಬಲ್ ಅಂತ ಇಟ್ಟರೂ ಪಕ್ಕದಲ್ಲಿ ‘ನಾಟ್ ಆ್ಯಕ್ಟಿವ್’. ಬೋರ್ಡಿನಲ್ಲಿ ಕೀಲಿಗಳೇ ತುಂಬಿರಲಿಲ್ಲ. ಕೀ ಮ್ಯಾನೇಜ್‌ಮೆಂಟ್ ಒಳಗೆ ಹೋಗಿ ಫ್ಯಾಕ್ಟರಿ ಕೀಲಿಗಳನ್ನು ಮರಳಿ ತುಂಬುವ ಆಯ್ಕೆ ಒತ್ತಿ, ಸೇವ್ ಮಾಡಿ, ಮತ್ತೆ ಒಳಗೆ ಬಂದು ನೋಡಿದಾಗ ‘ಆ್ಯಕ್ಟಿವ್’.

ಎಂಎಸ್‌ಇನ್ಫೋ32ರಲ್ಲಿ ಬಯಾಸ್ ಮೋಡ್ ಯುಇಎಫ್‌ಐ, ಸೆಕ್ಯೂರ್ ಬೂಟ್ ಆನ್. ರಿಕವರಿ ಪರಿಸರ (ವಿಂಡೋಸ್ ಏಳದಾಗ ರಿಪೇರಿಗೆ ಬರುವ ಪುಟ್ಟ ವಿಂಡೋಸ್) ಮಾತ್ರ ಆಫ್ ಆಗಿತ್ತು. ‘ರಿಏಜೆಂಟ್‌ಸಿ ಸ್ಲ್ಯಾಶ್ ಇನ್ಫೋ’ ಕೊಟ್ಟು ನೋಡಿ, ‘ಸ್ಲ್ಯಾಶ್ ಡಿಸೇಬಲ್’ ಆಮೇಲೆ ‘ಸ್ಲ್ಯಾಶ್ ಎನೇಬಲ್’ ಕೊಟ್ಟ ಮೇಲೆ ಸರಿಹೋಯಿತು.

ಖಾಲಿ ಜಾಗದಲ್ಲಿ ಹೊಸ ವಾಲ್ಯೂಮ್ ಮಾಡಿ ಅದೇ ಇ ಅಕ್ಷರ ಕೊಟ್ಟು, ಎಕ್ಸ್‌ಟರ್ನಲ್‌ನಿಂದ ವಾಪಸ್ ನಕಲು. ಅಕ್ಷರ ಅದೇ ಇರಬೇಕು, ಇಲ್ಲದಿದ್ದರೆ ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗಳು, ಟ್ಯಾಲಿಯ ಬ್ಯಾಕಪ್ ಹಾದಿ ಎಲ್ಲ ತಪ್ಪುತ್ತವೆ.

ಹಂತ 4: ಸೋಮವಾರ ಬೆಳಿಗ್ಗೆ, ಯಂತ್ರ 1 ಏಳುತ್ತಿಲ್ಲ

ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡುವುದು ಗಂಜ್‌ನಲ್ಲಿ ರೂಢಿ. ಬೆಳಿಗ್ಗೆ ಆನ್ ಮಾಡಿದರೆ ಬೂಟ್ ಡಿಸ್ಕ್ ಇಲ್ಲ ಎಂಬ ಅದೇ ಹಳೇ ಸಂದೇಶ. ಬಯಾಸ್‌ನಲ್ಲಿ ತಾರೀಖು ವರ್ಷಗಳಷ್ಟು ಹಿಂದೆ ಹೋಗಿದೆ, ಬೂಟ್ ಮೋಡ್ ಲೆಗಸಿ, ಪಿಟಿಟಿ ಆಫ್. ಸೆಲ್ ತೆಗೆದು ಮಲ್ಟಿಮೀಟರ್ ಹಿಡಿದರೆ 2.1 ವೋಲ್ಟ್. ಹೊಸ ಸೆಲ್ 3 ವೋಲ್ಟ್‌ಗಿಂತ ತುಸು ಮೇಲೆಯೇ ಇರುತ್ತದೆ.

ಇಷ್ಟು ದಿನ ಸೆಲ್ ಸತ್ತಿದ್ದು ಯಾರಿಗೂ ತಿಳಿದಿರಲಿಲ್ಲ. ಈ ಬೋರ್ಡಿನ ಡೀಫಾಲ್ಟ್ ಲೆಗಸಿ, ವಿಂಡೋಸ್ ಇದ್ದದ್ದೂ ಲೆಗಸಿಯಲ್ಲೇ, ಹಾಗಾಗಿ ದಿನಾ ಸೆಟ್ಟಿಂಗ್ ಅಳಿದರೂ ಯಂತ್ರ ಏಳುತ್ತಿತ್ತು. ಗಡಿಯಾರ ತಪ್ಪಾದದ್ದನ್ನು ಇಂಟರ್ನೆಟ್ ಸರಿಮಾಡಿಕೊಳ್ಳುತ್ತಿತ್ತು. ಯುಇಎಫ್‌ಐಗೆ ತಂದ ಮೇಲೆ ಅದೇ ಸತ್ತ ಸೆಲ್ ಯಂತ್ರವನ್ನೇ ಮಲಗಿಸಿತು. ಸಿಆರ್2032 ಒಂದಕ್ಕೆ 40 ರೂಪಾಯಿ. ಹಾಕಿ, ಸೆಟ್ಟಿಂಗ್‌ಗಳನ್ನು ಮತ್ತೆ ಕೂಡಿಸಿ, ಪವರ್ ಕೇಬಲ್ ಹತ್ತು ನಿಮಿಷ ಕಿತ್ತಿಟ್ಟು ನೋಡಿದ್ದು. ನಿಂತಿತು. 2018ರ ಸುಮಾರಿನ ಬೋರ್ಡ್ ಆದರೆ ಅಳೆಯುವ ಗೋಜೂ ಬೇಡ, ಹಂತ 0ಯಲ್ಲೇ ಸೆಲ್ ಬದಲಿಸಿಬಿಡಿ.

ಹಂತ 5: ಯಂತ್ರ 2, ಇಲ್ಲಿ ಎಂಬಿಆರ್2ಜಿಪಿಟಿ ನಡೆಯದು

ಡಿಸ್ಕ್ ಹಳೇ ಯಂತ್ರದಿಂದ ಬಂದದ್ದು, ವಿಂಡೋಸ್ 7 ಇದ್ದದ್ದಕ್ಕೆ 10 ಏರಿಸಿದ್ದು. 100 ಎಂಬಿ ಸಿಸ್ಟಮ್ ರಿಸರ್ವ್ಡ್, ಸಿ 100 ಜಿಬಿ, ಆಮೇಲೆ ಒಂದು ಎಕ್ಸ್‌ಟೆಂಡೆಡ್, ಅದರೊಳಗೆ ಡಿ, ಇ, ಎಫ್ ಮೂರೂ ಲಾಜಿಕಲ್. ಮೂರರಲ್ಲಿ ಸೇರಿ 310 ಜಿಬಿ ಫೈಲ್. ಮೂರನ್ನೂ ಅಳಿಸಿ ವಾಪಸ್ ತುಂಬುವ ಬದಲು ಲಿನಕ್ಸ್‌ನ ಜಿಡಿಸ್ಕ್ ಎಂಬ ಪಾರ್ಟಿಶನ್ ಟೂಲಿನ ದಾರಿ. ಜಿಡಿಸ್ಕ್ ಲಾಜಿಕಲ್‌ಗಳನ್ನು ಇದ್ದ ಜಾಗದಲ್ಲೇ ಜಿಪಿಟಿ ಪಾರ್ಟಿಶನ್ ಮಾಡುತ್ತದೆ, ಫೈಲ್ ಒಂದೂ ಕದಲುವುದಿಲ್ಲ. ಆದರೆ ವಿಂಡೋಸ್ ಬೂಟ್ ಫೈಲ್‌ಗಳನ್ನು ಅದು ಹಾಕಿಕೊಡುವುದಿಲ್ಲ, ಅದು ಕೈಕೆಲಸ. ಅಭ್ಯಾಸ ಇಲ್ಲದವರು ಹಂತ 2ರ ದಾರಿಯನ್ನೇ ಹಿಡಿಯುವುದು ಮೇಲು.

ಬ್ಯಾಕಪ್ ಇಲ್ಲಿಯೂ ಪೂರ್ತಿ ತೆಗೆದದ್ದು. ಅಳಿಸುವುದಿಲ್ಲ ಅಂತ ಬ್ಯಾಕಪ್ ಬಿಡುವ ಹಾಗಿಲ್ಲ.

ಇಎಫ್‌ಐ ಪಾರ್ಟಿಶನ್‌ಗೆ ಸಿ ಡ್ರೈವಿನಿಂದ 300 ಎಂಬಿ ಕುಗ್ಗಿಸಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಶ್ರಿಂಕ್ ಕೊಟ್ಟರೆ ‘ಕುಗ್ಗಿಸಬಹುದಾದದ್ದು 0 ಎಂಬಿ’. ಸಿ ಡ್ರೈವಿನಲ್ಲಿ 14 ಜಿಬಿ ಖಾಲಿ ಇದೆ! ಕದಲಿಸಲಾಗದ ಫೈಲ್ ಒಂದು ಪಾರ್ಟಿಶನ್‌ನ ಕೊನೆಯಲ್ಲಿ ಕೂತರೆ ಹೀಗಾಗುತ್ತದೆ. ಮೂರನ್ನು ತೆಗೆದದ್ದು: ‘ಪವರ್‌ಸಿಎಫ್‌ಜಿ ಸ್ಲ್ಯಾಶ್ ಎಚ್ ಆಫ್’ ಕೊಟ್ಟು ಹೈಬರ್ನೇಶನ್ ಫೈಲ್, ವರ್ಚುವಲ್ ಮೆಮೊರಿ ಸೆಟ್ಟಿಂಗ್‌ನಲ್ಲಿ ಪೇಜ್‌ಫೈಲ್, ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ರಿಸ್ಟೋರ್ ಪಾಯಿಂಟ್‌ಗಳು. ರೀಸ್ಟಾರ್ಟ್ ಆದ ಮೇಲೆ 9 ಜಿಬಿ ತನಕ ಕುಗ್ಗಿಸಲು ಬಿಟ್ಟಿತು. 300 ಎಂಬಿ ಮಾತ್ರ ತೆಗೆದದ್ದು. ಹೈಬರ್ನೇಶನ್ ಆಫ್ ಮಾಡಿದ್ದಕ್ಕೆ ಇನ್ನೊಂದು ಲಾಭವಿದೆ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಆಗಿ, ವಿಂಡೋಸ್ ನಿಜವಾಗಿಯೂ ಶಟ್‌ಡೌನ್ ಆಗುತ್ತದೆ. ಅರೆನಿದ್ದೆಯಲ್ಲಿರುವ ವಿಂಡೋಸ್‌ನ ಡಿಸ್ಕನ್ನು ಲಿನಕ್ಸ್‌ನಿಂದ ಮುಟ್ಟಬಾರದು.

ಸಿಸ್ಟಮ್‌ರೆಸ್ಕ್ಯೂ (ರಿಪೇರಿ ಕೆಲಸದ ಲಿನಕ್ಸ್) ಪೆನ್‌ಡ್ರೈವ್‌ನಿಂದ ಬೂಟ್. ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ಯಾವುದು ಎಸ್‌ಡಿಎ, ಯಾವುದು ಎಸ್‌ಡಿಬಿ (ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಹೆಸರು) ಎಂದು ಗಾತ್ರ ನೋಡಿ ಗುರುತಿಸಿದ್ದು. ಆಮೇಲೆ ಹಳೇ ಪಾರ್ಟಿಶನ್ ಪಟ್ಟಿಯನ್ನು ಎರಡು ರೀತಿ ಪೆನ್‌ಡ್ರೈವ್‌ಗೆ ಉಳಿಸಿದ್ದು. ‘ಡಿಡಿ’ಯಿಂದ ಡಿಸ್ಕಿನ ಮೊದಲ 1 ಎಂಬಿ, ‘ಎಸ್‌ಎಫ್‌ಡಿಸ್ಕ್ -ಡಿ’ಯಿಂದ ಇಡೀ ಪಟ್ಟಿ ಅಕ್ಷರರೂಪದಲ್ಲಿ. ಡಿಡಿ ಒಂದೇ ಸಾಕು ಅಂದುಕೊಳ್ಳಬೇಡಿ. ಲಾಜಿಕಲ್‌ಗಳ ವಿಳಾಸ ಡಿಸ್ಕಿನ ಮೊದಲಲ್ಲಿ ಇರುವುದಿಲ್ಲ, ಒಂದೊಂದರ ಮುಂದೆ ಅದರದರ ಪುಟ್ಟ ಪಟ್ಟಿ ಇರುತ್ತದೆ. ಎಸ್‌ಎಫ್‌ಡಿಸ್ಕ್ ಪ್ರತಿಯೂ ಇದ್ದರೆ ಡಿ, ಇ, ಎಫ್ ವಾಪಸ್ ತರುವುದು ಸುಲಭ.

ಜಿಡಿಸ್ಕ್ ಶುರುವಾದಾಗ, ಎಂಬಿಆರ್ ಸಿಕ್ಕಿದೆ, ಮೆಮೊರಿಯಲ್ಲಿ ಜಿಪಿಟಿಗೆ ಪರಿವರ್ತಿಸುತ್ತಿದ್ದೇನೆ ಎನ್ನುತ್ತದೆ. ಮೆಮೊರಿಯಲ್ಲಿ ಮಾತ್ರ. ‘ಡಬ್ಲ್ಯೂ’ ಒತ್ತುವ ತನಕ ಡಿಸ್ಕಿಗೆ ಏನೂ ಬರೆಯುವುದಿಲ್ಲ, ‘ಕ್ಯೂ’ ಒತ್ತಿ ಹೊರಬಂದರೆ ಮೊದಲಿನಂತೆ.

ತಪ್ಪು 4. ಇಲ್ಲಿ ಕ್ಯೂ ಒತ್ತಲೇಬೇಕಾಯಿತು. ಎರಡನೇ ಪಾರ್ಟಿಶನ್ ಪಟ್ಟಿ ಕೊನೆಯ ಪಾರ್ಟಿಶನ್ ಮೇಲೆ 33 ಬ್ಲಾಕ್ ಹತ್ತಿ ಕೂರುತ್ತಿದೆ ಎಂಬ ಎಚ್ಚರಿಕೆ ಬಂತು. ಜಿಪಿಟಿ ತನ್ನ ಪಟ್ಟಿಯ ನಕಲನ್ನು ಡಿಸ್ಕಿನ ತುದಿಯಲ್ಲಿ ಇಡುತ್ತದೆ, ಎಫ್ ಡ್ರೈವನ್ನು ಯಾವುದೋ ಟೂಲಿನಿಂದ ಕೊನೆಯ ಸೆಕ್ಟರ್ ತನಕ ಎಳೆದಿದ್ದರು. ವಿಂಡೋಸ್‌ಗೆ ಮರಳಿ ಎಫ್ ಡ್ರೈವನ್ನು 10 ಎಂಬಿ ಕುಗ್ಗಿಸಿ ಬಂದ ಮೇಲೆ ಎಚ್ಚರಿಕೆ ಹೋಯಿತು. ಇದನ್ನು ಮೊದಲೇ ನೋಡಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಜಿಡಿಸ್ಕ್ ಒಳಗೆ: ‘ಪಿ’ ಒತ್ತಿ ಐದು ಪಾರ್ಟಿಶನ್ ಇರುವುದನ್ನು ಎಣಿಸಿ. ‘ಎನ್’, ಸಂಖ್ಯೆ 3, ಶುರು ಡೀಫಾಲ್ಟ್, ಗಾತ್ರ ‘+260ಎಂ’, ಬಗೆ ‘ಇಎಫ್00’. ಮತ್ತೆ ‘ಎನ್’, ಸಂಖ್ಯೆ 4, ‘+16ಎಂ’, ಬಗೆ ‘0ಸಿ01’. ಎರಡನೆಯದು ಮೈಕ್ರೋಸಾಫ್ಟ್‌ನ ಕಾದಿರಿಸಿದ ಜಾಗ, ಅದಿಲ್ಲದೆಯೂ ಬೂಟ್ ಆಗುತ್ತದೆ. ಮತ್ತೆ ‘ಪಿ’ ನೋಡಿ, ‘ಡಬ್ಲ್ಯೂ’, ‘ವೈ’. ಕೊನೆಗೆ ಸಂಖ್ಯೆ 3ನ್ನು ಎಫ್‌ಎಟಿ32 ಆಗಿ ಫಾರ್ಮ್ಯಾಟ್: ‘ಎಂಕೆಎಫ್‌ಎಸ್ ಚುಕ್ಕೆ ಫ್ಯಾಟ್ -ಎಫ್ 32’, ಮುಂದೆ ಎಸ್‌ಡಿಎ3ರ ಹಾದಿ. 3ರ ಜಾಗದಲ್ಲಿ 2 ಬಿದ್ದರೆ ಸಿ ಡ್ರೈವ್ ಹೋಯಿತು. ಎಂಟರ್ ಒತ್ತುವ ಮೊದಲು ಬೆರಳು ತೆಗೆದು ಮತ್ತೊಮ್ಮೆ ಓದಿ.

ಹಂತ 6: ಬೂಟ್ ಫೈಲ್ (ಯಂತ್ರ 2)

ಬಯಾಸ್‌ನಲ್ಲಿ ಮೋಡ್ ‘ಯುಇಎಫ್‌ಐ ಮತ್ತು ಲೆಗಸಿ’. ವಿಂಡೋಸ್ 10 ಇನ್‌ಸ್ಟಾಲ್ ಪೆನ್‌ಡ್ರೈವ್ ಬೂಟ್ ಪಟ್ಟಿಯಲ್ಲಿ ಎರಡು ಸಲ ಕಾಣುತ್ತದೆ, ಹೆಸರಿನ ಹಿಂದೆ ‘ಯುಇಎಫ್‌ಐ’ ಇರುವುದನ್ನೇ ಆರಿಸಬೇಕು. ಇನ್‌ಸ್ಟಾಲ್ ಪರದೆ ಬಂದಾಗ ಏನೂ ಒತ್ತದೆ ಶಿಫ್ಟ್ ಮತ್ತು ಎಫ್10. ಕಪ್ಪು ಕಿಟಕಿ ತೆರೆಯುತ್ತದೆ.

ಡಿಸ್ಕ್‌ಪಾರ್ಟ್, ‘ಲಿಸ್ಟ್ ವಾಲ್ಯೂಮ್’, 260 ಎಂಬಿಯ ಎಫ್‌ಎಟಿ32 ವಾಲ್ಯೂಮ್ ಆರಿಸಿ ‘ಅಸೈನ್ ಲೆಟರ್=ಎಸ್’, ‘ಎಕ್ಸಿಟ್’. ನಂತರ ‘ಬಿಸಿಡಿಬೂಟ್ ಸಿ ಕೋಲನ್ ಬ್ಯಾಕ್‌ಸ್ಲ್ಯಾಶ್ ವಿಂಡೋಸ್ ಸ್ಲ್ಯಾಶ್ ಎಸ್ ಎಸ್ ಕೋಲನ್ ಸ್ಲ್ಯಾಶ್ ಎಫ್ ಯುಇಎಫ್‌ಐ’.

ತಪ್ಪು 5. ಎರರ್. ಪೆನ್‌ಡ್ರೈವ್‌ನಿಂದ ಎದ್ದಾಗ ಅಕ್ಷರಗಳು ಬೇರೆ. ಇಲ್ಲಿ ಸಿ ಅಂದರೆ ಹಳೇ 100 ಎಂಬಿ ಸಿಸ್ಟಮ್ ರಿಸರ್ವ್ಡ್, ವಿಂಡೋಸ್ ಇರುವುದು ಡಿ. ‘ಡಿಐಆರ್’ ಕೊಟ್ಟು ಯಾವುದರಲ್ಲಿ ವಿಂಡೋಸ್ ಫೋಲ್ಡರ್ ಇದೆ ಎಂದು ಹುಡುಕಿ, ಕಮಾಂಡ್‌ನಲ್ಲಿ ಡಿ ಹಾಕಿದಾಗ ಬೂಟ್ ಫೈಲ್‌ಗಳು ಯಶಸ್ವಿಯಾಗಿ ತಯಾರಾದವು ಎಂಬ ಸಾಲು ಬಂತು.

ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್. ವಿಂಡೋಸ್ ಎದ್ದಿತು. ಇ ಮತ್ತು ಎಫ್ ಅಕ್ಷರಗಳು ಅದಲುಬದಲು ಆಗಿದ್ದವು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸರಿಪಡಿಸಿದ್ದು. ಪೇಜ್‌ಫೈಲ್ ಮತ್ತೆ ಆನ್ ಮಾಡಿದ್ದು, ಇದನ್ನು ಮರೆತರೆ ದೊಡ್ಡ ಬ್ಯಾನರ್ ಫೈಲ್ ತೆರೆದಾಗ ಮೆಮೊರಿ ಸಾಲದೆ ನಿಲ್ಲುತ್ತದೆ.

ಹಂತ 7: ಪರದೆ ಕಪ್ಪು

ಸಿಎಸ್‌ಎಂ ಡಿಸೇಬಲ್ ಮಾಡಿ ಸೇವ್ ಒತ್ತಿದ್ದೇ ತಡ, ಎರಡೂ ಮಾನಿಟರ್ ಕಪ್ಪು. ಬಯಾಸ್ ಕೂಡ ಕಾಣದು. ಫ್ಯಾನ್ ತಿರುಗುತ್ತಿದೆ, ಕೀಬೋರ್ಡ್ ದೀಪ ಉರಿಯುತ್ತಿದೆ. ಅಂಗಡಿಯವರಿಗೆ ಬೋರ್ಡ್ ಸುಟ್ಟಿತೆಂಬ ಅನುಮಾನ.

ಕಾರಣ ಗ್ರಾಫಿಕ್ಸ್ ಕಾರ್ಡ್. 2010ರ ಆಸುಪಾಸಿನ ಕಾರ್ಡ್‌ಗಳಲ್ಲಿ ಯುಇಎಫ್‌ಐಗೆ ಬೇಕಾದ ಜಿಓಪಿ ಎಂಬ ಭಾಗ ಇರುವುದಿಲ್ಲ. ಸಿಎಸ್‌ಎಂ ಇದ್ದಷ್ಟು ದಿನ ಅದೇ ಅವಕ್ಕೆ ಊರುಗೋಲು. ಪವರ್ ಕಿತ್ತು, ಕಾರ್ಡ್ ತೆಗೆದು, ಬೋರ್ಡಿನ ಕ್ಲಿಯರ್ ಸಿಮಾಸ್ (ಬಯಾಸ್ ಸೆಟ್ಟಿಂಗ್ ಅಳಿಸುವ) ಪಿನ್ ಎರಡನ್ನು ಸ್ಕ್ರೂಡ್ರೈವರ್‌ನಿಂದ 10 ಸೆಕೆಂಡ್ ಕೂಡಿಸಿ, ಮಾನಿಟರನ್ನು ಬೋರ್ಡಿನದೇ ಪೋರ್ಟಿಗೆ ಹಾಕಿದಾಗ ಚಿತ್ರ ಬಂತು. ಐ5-8400ರಲ್ಲಿ ಒಳಗೇ ಗ್ರಾಫಿಕ್ಸ್ ಇದೆ, ಬೋರ್ಡಿನಲ್ಲಿ ವಿಜಿಎ, ಎಚ್‌ಡಿಎಂಐ ಎರಡೂ ಇವೆ. ಎರಡನೇ ಮಾನಿಟರಿಗೆ 280 ರೂಪಾಯಿಯ ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ಸಾಕಾಯಿತು. ಕಾರ್ಡ್ ಡಬ್ಬಿ ಸೇರಿತು. ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ, ಉದಾಹರಣೆಗೆ ಐ3-9100ಎಫ್, ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಆಗ ಹೊಸ ಕಾರ್ಡ್ ತರುವ ತನಕ ಸಿಎಸ್‌ಎಂ ಆನ್ ಇಟ್ಟು ಬೂಟ್ ಮಾತ್ರ ಯುಇಎಫ್‌ಐ ಇಡಬಹುದು, ಸೆಕ್ಯೂರ್ ಬೂಟ್ ಸಿಗುವುದಿಲ್ಲ.

ಸಿಮಾಸ್ ಅಳಿಸಿದ್ದರಿಂದ ಪಿಟಿಟಿ, ಬೂಟ್ ಸರದಿ, ತಾರೀಖು ಎಲ್ಲ ಮತ್ತೆ ಕೂಡಿಸಬೇಕಾಯಿತು. ಈ ಯಂತ್ರದ ಸೆಲ್ ಅನ್ನೂ ಅದೇ ಹೊತ್ತಿಗೆ ಬದಲಿಸಿದ್ದು.

ಖರ್ಚು: ಎಕ್ಸ್‌ಟರ್ನಲ್ ಡಿಸ್ಕ್ 6,200 (ಡಿಟಿಪಿ ಅಂಗಡಿಯ ಬ್ಯಾಕಪ್‌ಗೂ ಅದನ್ನೇ ಕಡ ತಂದದ್ದು), 32 ಜಿಬಿ ಪೆನ್‌ಡ್ರೈವ್ ಎರಡಕ್ಕೆ 700, ಸೆಲ್ ಎರಡಕ್ಕೆ 80, ಕನ್ವರ್ಟರ್ 280. ಒಟ್ಟು 7,260 ರೂಪಾಯಿ. ಹೊತ್ತು: ಯಂತ್ರ 1ಕ್ಕೆ ಐದು ಗಂಟೆ ಮತ್ತು ಸೋಮವಾರದ ಒಂದು ಗಂಟೆ, ಯಂತ್ರ 2ಕ್ಕೆ ಏಳು ಗಂಟೆ.

ಬಾಕಿ: ಯಂತ್ರ 1ರ ಹಳೇ 500 ಎಂಬಿ, ಯಂತ್ರ 2ರ ಹಳೇ 100 ಎಂಬಿ ಸಿಸ್ಟಮ್ ರಿಸರ್ವ್ಡ್ ಇನ್ನೂ ಅಳಿಸಿಲ್ಲ. ಯಂತ್ರ 1ರ ರಿಕವರಿ ಪರಿಸರ ಆ 500 ಎಂಬಿಯೊಳಗೇ ಇದೆಯೇ ಎಂದು ರಿಏಜೆಂಟ್‌ಸಿ ಇನ್ಫೋದಲ್ಲಿ ನೋಡದೆ ಮುಟ್ಟುವುದಿಲ್ಲ. ವಿಂಡೋಸ್ 11 ಏರಿಸುವುದು ಒಂದು ತಿಂಗಳು ಯಂತ್ರ ಓಡಿದ ಮೇಲೆ. ಅಲ್ಲಿಯವರೆಗೆ ಎರಡೂ ಕ್ಯಾಬಿನೆಟ್ ಮೇಲೆ ಚೀಟಿ ಅಂಟಿಸಿದೆ: ‘ಯುಇಎಫ್‌ಐ, ಸಿಎಸ್‌ಎಂ ಆಫ್. ಬೂಟ್ ಆಗದಿದ್ದರೆ ಫಾರ್ಮ್ಯಾಟ್ ಮಾಡಬ್ಯಾಡ್ರಿ, ಮೊದಲು ಬಯಾಸ್ ನೋಡ್ರಿ.’